ಶ್ರೀನಿವಾಸಪುರದ ಗೂಡಿನ ಜಪ್ತಿ

ಎತ್ತನ್ನು ಜಪ್ತಿ ಮಾಡಿದರೆ ಮೇವು ಹಾಕುವವರು ಯಾರು, ಖರ್ಚು ಯಾರ ತಲೆಗೆ ಎಂದು ಕಾನೂನಿನಲ್ಲಿ ಬರೆದಿದೆ. ಪಾತ್ರೆ ಪಡಗವಾದರೆ ಎಣಿಸಿ, ಪಟ್ಟಿ ಮಾಡಿ, ನಂಬಿಕಸ್ತರ ಮನೆಯಲ್ಲಿಟ್ಟು ಬಂದರೆ ಮುಗಿಯಿತು. ರೇಷ್ಮೆ ಗೂಡು ಮಾತ್ರ ಈ ಎರಡಕ್ಕೂ ಸೇರದ ಸ್ವತ್ತು. ಬುಟ್ಟಿಗೆ ತುಂಬಿಟ್ಟರೆ ಕಡಲೆಕಾಯಿಯ ಹಾಗೆ ತೆಪ್ಪಗೆ ಕೂತಿರುತ್ತದೆ. ಆದರೆ ಒಳಗೆ ಜೀವ ಇರುತ್ತದೆ, ಆ ಜೀವ ಕೋರ್ಟಿನ ವಾಯಿದೆಗೆ ಕಾಯುವುದಿಲ್ಲ. ಯುದ್ಧದ ಕಾಲದಲ್ಲಿ ಒಮ್ಮೆ ಶ್ರೀನಿವಾಸಪುರದಲ್ಲಿ ಇಂಥ ಗೂಡನ್ನು ಜಪ್ತಿ ಮಾಡಿ ನಾನು ಪಟ್ಟ ಪಾಡು ಇನ್ನೂ ಮರೆತಿಲ್ಲ.

ಆಗ ನಾನು ಕೋಲಾರದ ಮುನ್ಸೀಫ್ ಕೋರ್ಟಿನ ಅಮೀನ. ಕೋರ್ಟು ಕೊಡು ಎಂದ ಹಣವನ್ನು ಕೊಡದವರ ಮನೆಗೆ ವಾರಂಟು ಹಿಡಿದು ಹೋಗಿ ಸ್ವತ್ತು ಜಪ್ತಿ ಮಾಡುವುದು ನನ್ನ ಕೆಲಸ. ಕರೆದು ಮಣೆ ಹಾಕುವಂಥ ಕೆಲಸವಲ್ಲ. ಅಮೀನ ಬಸ್ಸಿಳಿದ ಎಂಬ ಸುದ್ದಿ ಊರಿನೊಳಗೆ ಹೋಗುವಷ್ಟರಲ್ಲಿ ಕೊಟ್ಟಿಗೆಯ ಎಮ್ಮೆ ಪಕ್ಕದ ಮನೆಯ ಕೊಟ್ಟಿಗೆಗೆ ನೆಂಟಸ್ತಿಕೆಗೆ ಹೋಗಿರುತ್ತಿತ್ತು, ಹಿತ್ತಾಳೆ ಕೊಳಗ ಬಾವಿಯೊಳಗೆ ಇಳಿದಿರುತ್ತಿತ್ತು. ಇಂಥ ಆಟಗಳಿಗೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಎಮ್ಮೆಯನ್ನು ಓಡಿಸುತ್ತಿದ್ದೆ.

ಆ ಸಲದ ವಾರಂಟು ಒಂದು ಹೆಣ್ಣುಮಗುವಿನ ಜೀವನಾಂಶದ್ದು. ಗಂಡ ಹೆಂಡತಿ ಬೇರೆಯಾಗಿದ್ದರು. ಹೆಂಡತಿ ಮುಳಬಾಗಿಲಿನಾಚೆ ಕುರುಡುಮಲೆಯ ಹತ್ತಿರದ ಹಳ್ಳಿಯಲ್ಲಿ ಅಣ್ಣನ ಮನೆ ಸೇರಿದ್ದಳು. ಗಂಡನಿಗೆ ಶ್ರೀನಿವಾಸಪುರದಲ್ಲಿ ರೇಷ್ಮೆ ನೂಲು ತೆಗೆಯುವ ಮೂರು ಚರಕದ ಕೊಟ್ಟಿಗೆ ಇತ್ತು. ಯಾಕೆ ಬೇರೆಯಾದರು ಎನ್ನುವುದಕ್ಕೆ ಕೋರ್ಟಿನ ಕಾಗದದಲ್ಲಿ ಒಂದು ಕಾರಣ, ಬೀದಿಯಲ್ಲಿ ಇನ್ನೊಂದು ಕಾರಣ. ಅಮೀನನಿಗೆ ಎರಡೂ ಬೇಕಿಲ್ಲ. ಮಗಳ ಊಟ ಬಟ್ಟೆಗೆ ತಂದೆ ತಿಂಗಳಿಗಿಷ್ಟು ಕೊಡಬೇಕೆಂದು ಡಿಕ್ರಿ ಆಗಿತ್ತು. ಅವನು ಸ್ವಲ್ಪ ಕಾಲ ಕೊಟ್ಟು ಆಮೇಲೆ ನಿಲ್ಲಿಸಿದ್ದ. ಬಾಕಿ ಬೆಳೆದಿತ್ತು.

ಜಪ್ತಿಯ ದಿನ ಸ್ವತ್ತು ತೋರಿಸುವುದಕ್ಕೆ ಡಿಕ್ರಿ ಪಡೆದವರು ಜೊತೆಗೆ ಬರಬೇಕು. ಆ ತಾಯಿ ಮಗಳನ್ನು ಕರೆದುಕೊಂಡು ಕೋಲಾರಕ್ಕೆ ಬಂದಿದ್ದಳು. ಅಲ್ಲಿಂದ ಮೂವರೂ ಇದ್ದಿಲ ಗ್ಯಾಸಿನ ಬಸ್ಸು ಹತ್ತಿದೆವು. ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆ ಕಟ್ಟಿದ್ದ ಕಾಲ ಅದು. ಏರು ಬಂದಾಗಲೆಲ್ಲ ಬಸ್ಸು ನಿಲ್ಲುವುದು, ಜನ ಇಳಿದು ನಡೆಯುವುದು. ಹಾಗೆ ನಡೆಯುವಾಗ ಆ ತಾಯಿ ತಾನಾಗಿಯೇ ಹೇಳಿದಳು. ಅಣ್ಣನಿಗೆ ಅವನದೇ ಮಕ್ಕಳು ಹೊರೆಯಾಗಿದ್ದಾರೆ. ಬೆಂಗಳೂರಿನ ಯಾವುದೋ ದೊಡ್ಡ ಮನೆಯಲ್ಲಿ ಕೆಲಸಕ್ಕೆ ಹುಡುಗಿ ಬೇಕಂತೆ, ಇವಳನ್ನು ಬಿಡುತ್ತೇನೆಂದು ಮಾತು ಕೊಟ್ಟು ಬಂದಿದ್ದಾನೆ. ತಂದೆಯಿಂದ ಹಣ ಬಂದರೆ ಸರಿ, ಈ ಸಲವೂ ಬರದಿದ್ದರೆ ಸಂಕ್ರಾಂತಿಯೊಳಗೆ ಹುಡುಗಿ ಹೊರಡಬೇಕು.

"ಪಾತ್ರೆ ತೊಳೆಯೋ ತೊಟ್ಟಿಗೆ ಕೈ ಎಟುಕತ್ತಲ್ಲ, ಇನ್ನೇನು ಅಂತಾನೆ ಸ್ವಾಮಿ, ನಮ್ಮಣ್ಣ," ಅಂದಳು. ಹುಡುಗಿ ಮುಂದೆ ಮುಂದೆ ನಡೆಯುತ್ತಿದ್ದಳು. ಕೆದರಿದ ಜಡೆ, ಯಾರದೋ ದೊಡ್ಡವರ ರವಿಕೆಯನ್ನು ಕತ್ತರಿಸಿ ಹೊಲಿದ ಅಂಗಿ. ವಾರಂಟಿನಲ್ಲಿ ಬರೀ ಹಣದ ಮಾತು ಇರುತ್ತದೆ, ಅದರ ಹಿಂದಿನ ಕಥೆ ಗೊತ್ತಾಗದಿದ್ದರೇ ಅಮೀನನಿಗೆ ಸುಖ.

ಇಂಥ ಜಪ್ತಿಯಲ್ಲಿ ಒಂದು ತೊಡಕಿದೆ. ಕುಶಲಕರ್ಮಿಯ ಕಸುಬಿನ ಸಲಕರಣೆಯನ್ನು ಮುಟ್ಟುವ ಹಾಗಿಲ್ಲ. ಹಿಂದೊಮ್ಮೆ ಮಾಲೂರಿನಲ್ಲಿ ಹೆಂಚು ಮಾಡುವವನ ಮನೆಗೆ ಹೋದಾಗ ತಿಗರಿ ಬಿಟ್ಟು, ಅಚ್ಚು ಬಿಟ್ಟು, ಕೊನೆಗೆ ಒಂದು ಮುರುಕು ಮಂಚ ಹೊತ್ತು ತಂದಿದ್ದೆ. ಆದರೆ ಅದೇ ಮನುಷ್ಯ ತಾನು ಕೆಲಸ ಮಾಡದೆ ಆಳುಗಳನ್ನಿಟ್ಟು ವ್ಯಾಪಾರ ಮಾಡುತ್ತಾನೆ ಎಂದಾದರೆ ಆ ರಕ್ಷಣೆ ಸಿಗುವುದು ಕಷ್ಟ. ಈ ಕೇಸಿನಲ್ಲಿ ವಕೀಲರಿಬ್ಬರೂ ಅದರ ಮೇಲೆಯೇ ಕುಸ್ತಿ ಆಡಿದ್ದರು. ಅವನು ಮಾಲೀಕ, ಯುದ್ಧ ಬಂದು ರೇಷ್ಮೆಗೆ ಚಿನ್ನದ ಬೆಲೆ ಬಂದಿದೆ, ವಿಮಾನದಿಂದ ಇಳಿಯುವ ಸಿಪಾಯಿಗಳ ಛತ್ರಿಗೆಲ್ಲ ರೇಷ್ಮೆಯೇ ಬೇಕು, ಮಗಳಿಗೆ ಕೊಡಲು ಮಾತ್ರ ಇಲ್ಲವೇ ಎಂದು ಹೆಂಡತಿಯ ಕಡೆಯವರು. ಅವನು ಬಿಸಿನೀರಿನಲ್ಲಿ ಕೈ ಬೇಯಿಸಿಕೊಳ್ಳುವ ಕೆಲಸಗಾರ ಎಂದು ಗಂಡನ ಕಡೆಯವರು. ಮುನ್ಸೀಫರು ಸಲಕರಣೆ ಬಿಟ್ಟು ಉಳಿದ ಚರಸ್ವತ್ತು ಜಪ್ತಿ ಮಾಡಿ ಎಂದು ಬರೆದಿದ್ದರು.

ಕೊಟ್ಟಿಗೆಯ ಬೀದಿ ಸಿಗುವುದಕ್ಕೆ ವಿಳಾಸ ಬೇಕಿರಲಿಲ್ಲ. ಬೆಂದ ಹುಳುವಿನ ವಾಸನೆ ಮೂಗು ಹಿಡಿದು ಎಳೆದುಕೊಂಡು ಹೋಗುತ್ತದೆ. ಒಳಗೆ ಹೊಗೆ, ಆವಿ. ಎರಡು ಚರಕದ ಮುಂದೆ ಕೂಲಿಯವರಿದ್ದರು, ಮೂರನೆಯದರಲ್ಲಿ ಅವನೇ ಕೂತಿದ್ದ. ವಾರಂಟು ಓದಿ ಹೇಳಿದಾಗ ಎದ್ದು ಕೈ ಮುಗಿದ. ಆ ಕೈಯ ಬೆರಳುಗಳೆಲ್ಲ ನೆನೆದು ಬಿಳಿಚಿಕೊಂಡು, ತುದಿ ಒಡೆದು ಹೋಗಿದ್ದವು. ವಕೀಲರಿಬ್ಬರೂ ಹೇಳಿದ್ದು ನಿಜವೇ ಆಗಿತ್ತು. ಅವನು ಮಾಲೀಕನೂ ಹೌದು, ಕೆಲಸಗಾರನೂ ಹೌದು.

ಮನೆಯಲ್ಲಿ ಜಪ್ತಿಗೆ ಯೋಗ್ಯವಾದದ್ದು ಬೇರೇನೂ ಇರಲಿಲ್ಲ. ಹಿಂದಿನ ದಿನವಷ್ಟೇ ಹಳ್ಳಿಗಳಿಂದ ಅರ್ಧ ಹಣ ಕೊಟ್ಟು ಅರ್ಧ ಸಾಲ ಹೇಳಿ ತಂದ ಹಸಿ ಗೂಡು ಬುಟ್ಟಿಗಳಲ್ಲಿತ್ತು. ಹಣವೆಲ್ಲ ಅದರಲ್ಲೇ ಇತ್ತು. ನೂಲು ಮಾರಿದ ಹಣ ಕೈಗೆ ಬರುತ್ತಿದ್ದಂತೆ ಮತ್ತೆ ಗೂಡಿಗೆ ಹೋಗುತ್ತದೆ, ಕೂಲಿಗೆ ಹೋಗುತ್ತದೆ, ಸೌದೆಗೆ ಹೋಗುತ್ತದೆ, ತನ್ನ ಜೇಬಿಗೆ ಬಂದು ಕೂರುವುದೇ ಇಲ್ಲ ಎಂದು ಅವನು ಹೇಳುತ್ತಲೇ ಇದ್ದ. ಹೆಂಡತಿ ಬಾಗಿಲ ಹೊರಗೆ ಮಗಳ ಕೈ ಹಿಡಿದು ನಿಂತಿದ್ದಳು. ನಾನು ಬುಟ್ಟಿಗಳ ಕಡೆ ಕೈ ತೋರಿಸಿದಾಗ ಅವನು ಅಡ್ಡ ಬಂದು ನಿಂತ.

"ಚರಕ ಬೇಕಾದ್ರೆ ಹೊತ್ಕೊಂಡು ಹೋಗಿ ಸ್ವಾಮಿ, ಮೂರೂ ತಗೊಳ್ಳಿ. ಗೂಡು ಮುಟ್ಬೇಡಿ. ಚರಕ ಒಂದು ವರ್ಷ ಕೂತ್ರೂ ಚರಕಾನೇ. ಇದು ಒಂದು ವಾರ ಕೂತ್ರೆ ಗೊಬ್ಬರ."

ಕಾನೂನು ಬಿಡು ಎಂದದ್ದನ್ನು ಅವನು ಕೊಡುತ್ತೇನೆ ಎನ್ನುತ್ತಿದ್ದ, ಹಿಡಿ ಎಂದದ್ದನ್ನು ಬಿಡಿ ಎನ್ನುತ್ತಿದ್ದ. ಚರಕ ಹೊತ್ತು ಹೋದರೆ ಮುನ್ಸೀಫರು ನನ್ನ ಚರ್ಮ ಸುಲಿಯುತ್ತಿದ್ದರು. ಗೂಡಿನ ವಿಚಾರ ಕೋಲಾರದ ಕಡೆಯವನಾದ ನನಗೆ ಗೊತ್ತಿಲ್ಲದ್ದಲ್ಲ. ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಹೊರಬಂದರೆ ಎಳೆ ಹರಿದುಹೋಗುತ್ತದೆ, ಆ ಗೂಡಿನಿಂದ ನೂಲು ಬರುವುದಿಲ್ಲ. ಆದರೆ ಬಿಸಿಲಿಗೆ ಹರವಿ ಚೆನ್ನಾಗಿ ಒಣಗಿಸಿದರೆ ಹುಳು ಸಾಯುತ್ತದೆ, ಗೂಡು ತಿಂಗಳುಗಟ್ಟಲೆ ಇರುತ್ತದೆ. ಅವತ್ತು ಬಿಸಿಲು ಚುರ್ರೆನ್ನುತ್ತಿತ್ತು. ನಾನು ಮಹಜರು ಬರೆದು, ಪಂಚರ ಹೆಬ್ಬೆಟ್ಟು ಒತ್ತಿಸಿ, ಪಕ್ಕದ ಕೊಟ್ಟಿಗೆಯ ವಯಸ್ಸಾದ ಸಾಹೇಬರ ಸುಪರ್ದಿಗೆ ಬುಟ್ಟಿಗಳನ್ನು ಒಪ್ಪಿಸಿದೆ. ಅವರೂ ನೂಲು ತೆಗೆಸುವವರೇ, ಬೀದಿಗೆಲ್ಲ ಹಿರಿಯರು. ದಿನವೂ ಹರವಿ ಒಣಗಿಸಿ, ಹರಾಜಿನವರೆಗೆ ಜೋಪಾನ ಮಾಡಿ ಎಂದೆ. ಸಾಹೇಬರು ಆಕಾಶ ನೋಡಿದರು.

ಮರುದಿನ ಬೆಳಗ್ಗೆ ಎದ್ದು ನೋಡಿದರೆ ಜಡಿ ಹಿಡಿದಿತ್ತು. ನಮ್ಮ ಸೀಮೆಯ ಜಡಿಮಳೆ ಜೋರಾಗಿ ಬಂದು ಹೋಗುವಂಥದ್ದಲ್ಲ. ಮದರಾಸಿನ ಕಡೆ ಸಮುದ್ರದಲ್ಲಿ ಗಾಳಿ ಎದ್ದರೆ ಇಲ್ಲಿ ಸೂಜಿಯಂಥ ಹನಿ ಶುರುವಾಗುತ್ತದೆ, ಸೂರ್ಯ ಎತ್ತ ಹೋದನೋ ಗೊತ್ತಾಗುವುದಿಲ್ಲ. ಸೊಳ್ಳೆಗೂ ಬೇಜಾರು ಬರುವಂಥ ಮಳೆ. ನಾನು ಛತ್ರದಲ್ಲಿ ಉಳಿದಿದ್ದೆ. ತಾಯಿ ಮಗಳು ಅದೇ ಛತ್ರದ ಹೊರ ಜಗುಲಿಯಲ್ಲಿದ್ದರು. ಮಾರನೆಯ ದಿನವೂ ಮಳೆ ಬಿಡಲಿಲ್ಲ. ಸಾಹೇಬರು ಕೊಡೆ ಹಿಡಿದು ನನ್ನನ್ನು ಹುಡುಕಿಕೊಂಡು ಬಂದರು. ಗೂಡಿಗೆ ಆವಿ ಕೊಟ್ಟು ಹುಳು ಸಾಯಿಸಬಹುದು, ಆದರೆ ಆಮೇಲೆ ಒಣಗಿಸದಿದ್ದರೆ ಒಳಗೇ ಕೊಳೆತು ಬೂಷ್ಟು ಹಿಡಿಯುತ್ತದೆ, ಏನು ಮಾಡಲಿ ಎಂದು ಕೇಳಿದರು. ಒಂದೆರಡು ಗೂಡು ಆಗಲೇ ತುದಿಯಲ್ಲಿ ಒದ್ದೆಯಾಗಿವೆ ಎಂದರು. ಚಿಟ್ಟೆ ಹೊರಗೆ ಬರುವ ಮುಂಚೆ ಗೂಡಿನ ತುದಿಯನ್ನು ಹೀಗೆ ನೆನೆಸಿಕೊಳ್ಳುತ್ತದೆ.

ಬೇಗ ಕೆಡುವ ಸರಕಾದರೆ ಕೋರ್ಟಿನ ಅಪ್ಪಣೆಗೆ ಕಾಯದೆ ಜಪ್ತಿ ಮಾಡಿದ ಅಧಿಕಾರಿಯೇ ಮಾರಬಹುದು ಎಂದು ನಿಯಮವಿದೆ. ಆ ನಿಯಮ ನನಗೆ ಬಾಯಿಪಾಠ. ತಕ್ಷಣ ತಮಟೆ ಹೊಡೆಸಿದೆ. ಸಾಹೇಬರ ಕೊಟ್ಟಿಗೆಯ ಮುಂದೆ ಬೀದಿಯ ನೂಲಿನವರೆಲ್ಲ ಬಂದು ನಿಂತರು. ಕಂಬಳಿ ಕೊಪ್ಪೆ ಹಾಕಿಕೊಂಡು ಬುಟ್ಟಿಯೊಳಗೆ ಕೈಯಾಡಿಸಿದರು, ಗೂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳ್ಳೇ ಗೂಡು ಎಂದರು. ಸವಾಲು ಕೂಗಿ ಎಂದರೆ ಒಬ್ಬನೂ ಬಾಯಿ ಬಿಡಲಿಲ್ಲ. ನಾನು ಗಂಟಲು ಹರಿದುಕೊಂಡೆ. ಅವರು ಮಳೆಯನ್ನು ನೋಡುತ್ತಾ ನಿಂತರು.

ಸಾಹೇಬರೇ ನನ್ನನ್ನು ಒಳಗೆ ಕರೆದು ಹೇಳಿದರು.

"ಅಮೀನ್ ಸಾಬ್, ನಮ್ ಬೀದೀಲಿ ಒಬ್ಬನ ಒಲೆ ಆರಿದ್ರೆ ಅವನ ಗೂಡಿನ ಮೇಲೆ ಇನ್ನೊಬ್ಬ ಸವಾಲ್ ಕೂಗಲ್ಲ. ನಮ್ಮಪ್ಪನ ಕಾಲದಿಂದ ಹಂಗೇ. ನಾಳೆ ನನ್ನ ಒಲೇನೂ ಆರ್ಬೋದಲ್ವಾ?"

ಆ ಮರ್ಯಾದೆಯನ್ನು ಕೇಳಿ ಒಂದು ಕಡೆ ಸಂತೋಷವಾಯಿತು, ಇನ್ನೊಂದು ಕಡೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಒಬ್ಬನ ಮೇಲಿನ ಮರುಕದಿಂದ ಇಡೀ ಬೀದಿ ಸೇರಿ ಅವನನ್ನೇ ಮುಳುಗಿಸುತ್ತಿತ್ತು, ಜೊತೆಗೆ ಅವನ ಮಗಳನ್ನು. ಕೂಗಿದವನು ಒಬ್ಬನೇ. ಮದನಪಲ್ಲಿ ಕಡೆಯ ವ್ಯಾಪಾರಿ, ಬಸ್ಸಿಗೆ ಕಾಯುತ್ತಿದ್ದವನು ತಮಟೆ ಕೇಳಿ ಬಂದಿದ್ದ. ಅವನು ಕೂಗಿದ ಮೊತ್ತ ಕೇಳಿ ನೆರೆದವರು ನಕ್ಕುಬಿಟ್ಟರು. ನಗುವಂಥದ್ದೇ. ಆ ಬೆಲೆಗೆ ಕೊಟ್ಟರೆ ಮಗುವಿನ ಬಾಕಿಯಲ್ಲಿ ಕಾಲು ಭಾಗವೂ ತೀರುತ್ತಿರಲಿಲ್ಲ. ಗೂಡು ಕೊಟ್ಟ ಹಳ್ಳಿಯವರ ಸಾಲ ಅವನ ತಲೆಯ ಮೇಲೆ ಹಾಗೇ ಉಳಿಯುತ್ತಿತ್ತು, ಮುಂದಿನ ತಿಂಗಳಿನಿಂದ ಮಗುವಿಗೆ ಕೊಡುವುದಕ್ಕೆ ಚರಕವಿದ್ದೂ ಗೂಡಿರುತ್ತಿರಲಿಲ್ಲ. "ಸರೇ, ಒಂದು ಸಾರಿ ಅನ್ನಿ, ಬಸ್ಸು ಬರ್ತದೆ," ಎಂದು ವ್ಯಾಪಾರಿ ಅವಸರ ಮಾಡಿದ. ನಿಯಮದ ಪ್ರಕಾರ ನಾನು ಒಂದು ಸಾರಿ, ಎರಡು ಸಾರಿ ಎಂದು ಕೂಗಿ ಮುಗಿಸಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ.

ಒಂದು ಸಾರಿ ಎಂದೆ. ಎರಡು ಸಾರಿ ಎನ್ನುವಾಗ ಕಣ್ಣು ಹುಡುಗಿಯ ಮೇಲೆ ಹೋಯಿತು. ಅವಳು ಬುಟ್ಟಿಯಿಂದ ಒಂದು ಗೂಡು ತೆಗೆದು ಕೆನ್ನೆಗೆ ಒತ್ತಿ ಹಿಡಿದುಕೊಂಡಿದ್ದಳು. ಇದೆಲ್ಲ ತನ್ನ ಹೆಸರಿನಲ್ಲಿ ನಡೆಯುತ್ತಿದೆ ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರೆ. ಅವತ್ತು ಆ ಜಗಳದೊಳಗೆ ಅಮೀನನೂ ಒಬ್ಬ ಸೇರಿಕೊಂಡಿದ್ದ. ನಾನು ಹರಾಜು ನಿಲ್ಲಿಸಿದೆ. ವ್ಯಾಪಾರಿ ತೆಲುಗಿನಲ್ಲಿ ಏನೋ ಬೈದುಕೊಂಡು ಬಸ್ಸಿಗೆ ಓಡಿದ.

ಗೂಡು ಉಳಿಸಿಕೊಳ್ಳುವುದಕ್ಕೆ ಇನ್ನು ಉಳಿದಿದ್ದ ದಾರಿ ಒಂದೇ, ತಕ್ಷಣ ನೂಲು ತೆಗೆದುಬಿಡುವುದು. ನೂಲಾದರೆ ಅದು ಕೆಡುವುದಿಲ್ಲ, ಬೆಲೆಯೂ ಹೆಚ್ಚು. ಜಪ್ತಿಯಾದ ಸ್ವತ್ತನ್ನು ಬೇಯಿಸಿ, ಬಿಚ್ಚಿ, ಬೇರೆ ಸ್ವತ್ತು ಮಾಡುವ ಅಧಿಕಾರ ಅಮೀನನಿಗೆ ಯಾವ ಪುಸ್ತಕದಲ್ಲೂ ಇಲ್ಲ. ಕೆಲಸ ಹೋಗಬಹುದಿತ್ತು. ಆದರೆ ಸ್ವತ್ತನ್ನು ಕೆಡದಂತೆ ಕಾಪಾಡಬೇಕು ಎಂದು ಅದೇ ಪುಸ್ತಕದಲ್ಲಿ ಇದೆಯಲ್ಲ, ನಾನು ಅದನ್ನು ಹಿಡಿದುಕೊಂಡೆ. ಗಂಡ ಹೆಂಡತಿ ಇಬ್ಬರಿಂದಲೂ ಒಪ್ಪಿಗೆ ಬರೆಸಿಕೊಂಡು, ಸಾಹೇಬರ ಸಾಕ್ಷಿ ಹಾಕಿಸಿ, ಒಲೆ ಹಚ್ಚಿ ಎಂದೆ.

ಅಲ್ಲಿಗೆ ಕಷ್ಟ ಮುಗಿಯಲಿಲ್ಲ. ಒಂದು ಚರಕಕ್ಕೆ ಇಬ್ಬರು ಬೇಕು. ಒಬ್ಬರು ಬಿಸಿನೀರಿನ ಮುಂದೆ ಕೂತು ಗೂಡಿನ ಎಳೆ ಹುಡುಕಿ ಕೂಡಿಸಿ ಕೊಡುತ್ತಾರೆ, ಇನ್ನೊಬ್ಬರು ಚಕ್ರ ತಿರುಗಿಸುತ್ತಾರೆ. ಜಪ್ತಿ ಆದ ದಿನವೇ ಇವನ ಕೂಲಿಯವರು ಇನ್ನು ಇಲ್ಲಿ ಕೆಲಸವಿಲ್ಲ ಎಂದು ಊರು ಸೇರಿದ್ದರು. ಸಾಹೇಬರು ತಮ್ಮ ಆಳುಗಳಿಂದ ಎರಡು ಚರಕ ನಡೆಸಿಕೊಡುತ್ತೇನೆ ಎಂದರು. ಮೂರನೆಯದು ಖಾಲಿ. ಮೂರೂ ಓಡದಿದ್ದರೆ ಚಿಟ್ಟೆಯ ಜೊತೆಗಿನ ಪಂದ್ಯದಲ್ಲಿ ನಾವು ಸೋಲುವುದು ಖಂಡಿತ. ಗಂಡ ಚರಕದ ಮುಂದೆ ಒಬ್ಬನೇ ನಿಂತಿದ್ದ.

ಆಗ ಆ ಹೆಣ್ಣುಮಗಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದಳು. ಬಿಸಿನೀರಿನ ಮುಂದಿನ ಮಣೆಯನ್ನು ಕಾಲಿನಿಂದ ಸರಿಮಾಡಿಕೊಂಡು ಕೂತಳು. ಅದು ಅವಳದೇ ಮಣೆಯಂತೆ. ಮದುವೆಯಾಗಿ ಬಂದ ಮೇಲೆ ವರ್ಷಗಟ್ಟಲೆ ಆ ಚರಕದಲ್ಲಿ ನೂಲು ತೆಗೆದವಳು ಅವಳೇ ಎಂದು ಸಾಹೇಬರು ನನ್ನ ಕಿವಿಯಲ್ಲಿ ಹೇಳಿದರು. ಆ ಕೊಟ್ಟಿಗೆಯ ನೂಲಿಗೆ ಹೆಸರು ಬಂದದ್ದೇ ಅವಳ ಕೈಯಿಂದಂತೆ. ಅವನು ಒಂದು ಚರಕ ಮೂರು ಮಾಡಲು ಹೊರಟಾಗ ಸಾಲದ ವಿಷಯಕ್ಕೆ ಶುರುವಾದ ಮಾತು ಬೆಳೆದು ಮನೆ ಒಡೆದಿತ್ತಂತೆ. ಬೇಡವೆಂದುಕೊಂಡಿದ್ದ ಕಾರಣ ಕೊನೆಗೂ ನನ್ನ ಕಿವಿಗೆ ಬಿತ್ತು.

ಅವನು ಚಕ್ರದ ಹಿಡಿ ಹಿಡಿದ. ಮೊದಮೊದಲು ಎತ್ತು ಏರಿಗೆ, ಕೋಣ ನೀರಿಗೆ. ಅವನು ಜೋರಾಗಿ ತಿರುಗಿಸಿದರೆ ಎಳೆ ತುಂಡಾಗುವುದು, ಅವಳು ತಲೆಯೆತ್ತದೆ ಕೈ ಮಾತ್ರ ಎತ್ತುವಳು, ಅವನು ನಿಲ್ಲಿಸುವನು. ಸ್ವಲ್ಪ ಹೊತ್ತಿನ ಮೇಲೆ ಅವಳು ಕೈ ಎತ್ತುವುದೂ ನಿಂತಿತು. ಎಳೆ ಸಣ್ಣಗಾಗುವುದು ಚಕ್ರದ ಭಾರದಲ್ಲೇ ಅವನಿಗೆ ಗೊತ್ತಾಗುತ್ತಿತ್ತೋ ಏನೋ, ಅಷ್ಟರಲ್ಲೇ ಅವನ ಕೈ ನಿಧಾನವಾಗುತ್ತಿತ್ತು, ಅವಳು ಹೊಸ ಗೂಡಿನ ಎಳೆ ಸೇರಿಸುತ್ತಿದ್ದಳು. ಹೊರಗೆ ಮಳೆ, ಒಳಗೆ ಮೂರು ಚರಕದ ಸದ್ದು. ಸಾಹೇಬರ ಮನೆಯಿಂದ ರೊಟ್ಟಿ ಬಂತು. ನಾನು ಕೋರ್ಟಿನ ರುಮಾಲು ತೆಗೆದಿಟ್ಟು ಒಲೆಗೆ ಸೌದೆ ತಳ್ಳಿದೆ. ಅಮೀನಗಿರಿಯಲ್ಲಿ ನಾನು ಮಾಡಿದ ಕೆಲಸಗಳಲ್ಲಿ ನೆನೆಸಿಕೊಂಡರೆ ಈಗಲೂ ನಗು ಬರುವುದು, ಸಂತೋಷವೂ ಆಗುವುದು ಅದೊಂದೇ.

ಆದರೂ ಎಲ್ಲವೂ ಉಳಿಯಲಿಲ್ಲ. ಕೊನೆಯ ಬುಟ್ಟಿಗೆ ಕೈ ಹಾಕುವ ಹೊತ್ತಿಗೆ ಅದರ ತುಂಬ ಬಿಳಿ ಚಿಟ್ಟೆಗಳು ರೆಕ್ಕೆ ಬಡಿಯುತ್ತಿದ್ದವು. ಹಾರಲಾರದ ಚಿಟ್ಟೆಗಳು, ಬುಟ್ಟಿಯ ಅಂಚಿನಲ್ಲಿ ಹರಿದಾಡಿ ಕೆಳಗೆ ಬೀಳುತ್ತಿದ್ದವು. ಹುಡುಗಿ ಒಂದನ್ನು ಅಂಗೈ ಮೇಲೆ ಬಿಟ್ಟುಕೊಂಡು ತಂದೆಯ ಹತ್ತಿರ ಹೋಗಿ ತೋರಿಸಿದಳು. ಅವನು ಚಕ್ರ ನಿಲ್ಲಿಸದೆ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಇಷ್ಟುದ್ದ ಆಗಿಬಿಟ್ಟಿದ್ದೀಯಾ," ಅಂದ.

ಅವನ ಕಣ್ಣು ಒದ್ದೆಯಾಗಿತ್ತು. ಆ ಕೊಟ್ಟಿಗೆಯ ಹೊಗೆಯಲ್ಲಿ ಎಲ್ಲರ ಕಣ್ಣೂ ಒದ್ದೆಯೇ ಇರುತ್ತದೆ, ಆದರೂ ನಾನು ಅದನ್ನು ಹೊಗೆಯೆಂದು ತಿಳಿಯಲಿಲ್ಲ.

ನೂಲಿನ ಲಡಿಗಳಿಗೆ ಮೊಹರು ಹಾಕಿ, ಬೀದಿಯವರೆಲ್ಲರ ಎದುರಿಗೆ ಯುದ್ಧದ ಬೆಲೆಗೆ ಮಾರಿದೆ. ನೂಲಿಗೆ ಸವಾಲು ಕೂಗುವುದಕ್ಕೆ ಅವರ ಮರ್ಯಾದೆ ಅಡ್ಡ ಬರಲಿಲ್ಲ. ಒಲೆ ಹತ್ತಿಕೊಂಡಿತ್ತಲ್ಲ. ಬಾಕಿ ತೀರಿತು, ಗೂಡಿನ ಸಾಲಕ್ಕೂ ಒಂದಿಷ್ಟು ಉಳಿಯಿತು. ಬಾಕಿಯೇನೋ ತೀರಿತು, ಬರುವ ತಿಂಗಳಿನದು? ನಾನು ವಾರಂಟು ಮಡಿಸುತ್ತಾ ಅದನ್ನೇ ಕೇಳಿದೆ. ಹೀಗೆ ಆರು ತಿಂಗಳಿಗೊಮ್ಮೆ ನಾನು ಬಂದು ಸೌದೆ ತಳ್ಳುತ್ತಾ ಕೂರಲು ಆಗುವುದಿಲ್ಲ ಎಂದೆ. ತಿಂಗಳು ಎನ್ನುವುದು ಸಂಬಳದವರ ಲೆಕ್ಕ, ನಮ್ಮ ಕಸುಬಿಗೆ ತಿಂಗಳಿಲ್ಲ ಎಂದು ಅವನು ಮತ್ತೆ ಹಳೆಯ ಪಲ್ಲವಿ ತೆಗೆದ. ಗೂಡು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೊಡುವುದಿಲ್ಲ ಅಂತಲ್ಲ, ತಾರೀಖು ಬಂದಾಗ ಕೈಯಲ್ಲಿರುವುದಿಲ್ಲ. ಈ ಸಲ ಅದು ನೆಪದ ಹಾಗೆ ಕೇಳಿಸಲಿಲ್ಲ.

ಹೆಂಡತಿ ಕೈ ಒರೆಸಿಕೊಳ್ಳುತ್ತಿದ್ದಳು. ಎಷ್ಟೋ ದಿನದ ಮೇಲೆ ಮೊದಲ ಸಲ ನೇರವಾಗಿ ಅವನಿಗೆ ಹೇಳಿದಳು.

"ಹಂಗಾದ್ರೆ ದುಡ್ಡು ಬೇಡ. ಈ ಚರಕ ಅವಳ ಹೆಸರಿಗೆ ಬಿಡು. ಬಾಡಿಗೆಗೆ ಕೊಡ್ತೀನಿ. ಗೂಡು ಬಂದ್ರೂ ಬಾಡಿಗೆ, ಬರ್ದೇ ಇದ್ರೂ ಬಾಡಿಗೆ."

ಆ ಬೀದಿಯಲ್ಲಿ ಅದು ರೂಢಿಯ ಮಾತು. ಇನ್ನೊಬ್ಬರ ಚರಕ ನಿಮ್ಮ ಕೊಟ್ಟಿಗೆಯಲ್ಲಿ ನಿಂತಿದ್ದರೆ, ಅದು ಓಡಲಿ ಬಿಡಲಿ, ಸಂತೆಯ ದಿನ ಬಾಡಿಗೆ ಕೊಟ್ಟೇ ತೀರಬೇಕು. ಅದನ್ನು ಬಾಕಿ ಉಳಿಸಿಕೊಂಡವನಿಗೆ ಬೀದಿಯಲ್ಲಿ ತಲೆಯೆತ್ತಲು ಆಗುತ್ತಿರಲಿಲ್ಲ. ಅವನ ಆದಾಯ ಎಷ್ಟೆಂದು ಇಬ್ಬರು ವಕೀಲರು ಅಷ್ಟು ದಿನ ಜಗಳವಾಡಿದ್ದರು. ಚರಕದ ಬಾಡಿಗೆ ಎಷ್ಟೆಂದು ಮಾತ್ರ ಬೀದಿಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ. ಸಾಹೇಬರು ಆ ಚರಕವನ್ನು ನಾನೇ ಬಾಡಿಗೆಗೆ ಇಟ್ಟುಕೊಳ್ಳುತ್ತೇನೆ ಎಂದರು. ಗಂಡ ಚಕ್ರದ ಹಿಡಿಯನ್ನು ಸವರಿದ. ಮೂರರಲ್ಲಿ ಅದೇ ಒಳ್ಳೆಯ ಚರಕ ಎಂದ. ಅದಕ್ಕೇ ಕೇಳಿದ್ದು ಎಂದಳು ಅವಳು.

ಕೋಲಾರದಲ್ಲಿ ಮುನ್ಸೀಫರು ನನ್ನ ವರದಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ಸರ್ಕಾರ ನಿಮಗೆ ಸಂಬಳ ಕೊಡುತ್ತಿರುವುದು ನೂಲು ತೆಗೆಸುವುದಕ್ಕಾ ಎಂದು ಎಲ್ಲರ ಮುಂದೆ ಕೇಳಿದರು. ಯಾವ ನಿಯಮದ ಕೆಳಗೆ ಎಂದರು. ಸ್ವತ್ತು ಕಾಪಾಡುವ ನಿಯಮ ಹೇಳಿದೆ. ಅವರು ಏನೋ ಗೊಣಗಿ ನನಗೆ ಲಿಖಿತ ಎಚ್ಚರಿಕೆ ಕೊಟ್ಟರು. ಅದೇ ಕೈಯಿಂದ ರಾಜಿಯನ್ನೂ ದಾಖಲು ಮಾಡಿದರು: ಚರಕ ಮಗಳದ್ದು, ಮಾರುವ ಹಾಗಿಲ್ಲ, ಅಡವಿಡುವ ಹಾಗಿಲ್ಲ, ತಂದೆಯ ಸಾಲಕ್ಕೆ ಜಪ್ತಿ ಮಾಡುವ ಹಾಗಿಲ್ಲ, ಬಾಡಿಗೆ ತಾಯಿಯ ಕೈಗೆ. ಆ ತಾಯಿಯ ಅಣ್ಣ ಬೆಂಗಳೂರಿನವರಿಗೆ ಬೇರೆ ಹುಡುಗಿ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದನಂತೆ. ಸಂಕ್ರಾಂತಿ ಬಂದು ಹೋಯಿತು, ಹುಡುಗಿ ತಾಯಿಯ ಹತ್ತಿರವೇ ಉಳಿದಳು.

ಯುದ್ಧ ಮುಗಿಯಿತು. ಛತ್ರಿಗೆ ರೇಷ್ಮೆ ಬೇಡವಾಯಿತು, ನೂಲಿನ ಬೆಲೆ ಬಾವಿಗೆ ಬಿತ್ತು. ಶ್ರೀನಿವಾಸಪುರದ ಆ ಬೀದಿಯಲ್ಲಿ ಒಂದೊಂದಾಗಿ ಒಲೆಗಳು ಆರಿದವು. ಹಾಗೆ ಒಂದು ದಿನ ನನ್ನ ಕೈಗೆ ಬಂದ ವಾರಂಟುಗಳಲ್ಲಿ ಅವನ ಹೆಸರೂ ಇತ್ತು. ಈ ಸಲ ಗೂಡಿನ ಸಾಲ, ಯಾರೋ ಹಳ್ಳಿಯ ಸಾಹುಕಾರರದ್ದು. ಮಗಳ ಬಾಕಿಯಲ್ಲ ಎಂದು ಓದಿ ಸಮಾಧಾನವಾಯಿತು, ಆದರೂ ಹೋಗಲು ಮನಸ್ಸಿರಲಿಲ್ಲ. ಹೋಗಲೇಬೇಕಿತ್ತು.

ಅವನ ಕೊಟ್ಟಿಗೆ ಖಾಲಿ. ಎರಡು ಚರಕಗಳನ್ನೂ ಮಾರಿ ಅರ್ಧ ಸಾಲ ತೀರಿಸಿದ್ದ.

ಪಕ್ಕದಲ್ಲಿ ಸಾಹೇಬರ ಕೊಟ್ಟಿಗೆಯಿಂದ ಚರಕದ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಬಿಸಿನೀರಿನ ಮುಂದೆ ಅವನೇ ಕೂತಿದ್ದ. ಸಾಹೇಬರಿಗೆ ಕಣ್ಣು ಮಂಜಾಗಿತ್ತು, ಕಸುಬು ಬಿಟ್ಟು ಬಾಗಿಲಲ್ಲಿ ಜಪಮಣಿ ಹಿಡಿದು ಕೂತಿದ್ದರು. ವಾರಂಟು ತೋರಿಸಿ ಚರಕದ ಕಡೆ ನೋಡಿದೆ. ಅವನು ಎದ್ದು ಕೈ ಮುಗಿದ, ಅದೇ ಬಿಳಿಚಿದ ಬೆರಳು.

"ಇದು ನನ್ದಲ್ಲ ಸ್ವಾಮಿ. ಮಗಳ್ದು. ನಾನು ಬಾಡಿಗೆಗೆ ಇದ್ದೀನಿ."

ಬೀದಿಯಲ್ಲಿ ಉಳಿದ ಒಲೆ ಅದೊಂದೇ ಎಂದು ಸಾಹೇಬರು ಹೇಳಿದರು. ಮಾರಲು ಬಿಡದ ಚರಕವಾದ್ದರಿಂದ ಉಳಿಯಿತು. ಅದು ಉಳಿದಿದ್ದರಿಂದ ಅವನೂ ಉಳಿದ. ನಾನು ಜಗುಲಿಯಲ್ಲಿ ಕೂತು ಜಪ್ತಿಗೆ ಯೋಗ್ಯವಾದ ಸ್ವತ್ತು ಏನೂ ಇಲ್ಲ ಎಂದು ವಾರಂಟಿನ ಹಿಂದೆ ಷರಾ ಬರೆದೆ. ಬರೆಯುತ್ತಿರುವಾಗಲೇ ಸಂತೆಯ ಬಸ್ಸು ಇಳಿದು ಒಬ್ಬ ಹುಡುಗಿ ಬಂದಳು. ಬಿಗಿಯಾಗಿ ಹೆಣೆದ ಜಡೆ, ಅವಳ ಅಳತೆಗೇ ಹೊಲಿಸಿದ ಲಂಗ. ನನಗೆ ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ನನ್ನ ಕಡೆ ನೋಡದೆ ಒಳಗೆ ಹೋಗಿ ಕೈ ಚಾಚಿದಳು. ಅವನು ಗೋಡೆಯ ಗೂಡಿನಲ್ಲಿ ಇಟ್ಟಿದ್ದ ಬಾಡಿಗೆಯನ್ನು ತೆಗೆದು ಕೊಟ್ಟ. ಅವಳು ಅಲ್ಲೇ ಎಣಿಸಿದಳು.

ಅವತ್ತು ಚಕ್ರ ತಿರುಗಿಸುವವನು ಬಂದಿರಲಿಲ್ಲ. ಅವನು ಎಳೆ ಕೊಡಲು ಒಮ್ಮೆ, ತಿರುಗಿಸಲು ಒಮ್ಮೆ ಎದ್ದು ಓಡಾಡುತ್ತಿದ್ದ. ಹುಡುಗಿ ಸ್ವಲ್ಪ ಹೊತ್ತು ನೋಡಿದಳು. ದುಡ್ಡನ್ನು ಸೊಂಟಕ್ಕೆ ಸಿಕ್ಕಿಸಿ ಚಕ್ರದ ಮುಂದೆ ಕೂತು ಹಿಡಿ ಹಿಡಿದಳು.

"ಇದರ ಕೂಲಿ ಬೇರೆ ಕೊಡ್ಬೇಕು ಅಪ್ಪ," ಅಂದಳು.

"ಕೊಡ್ತೀನಿ ಕಣಮ್ಮ," ಅಂದ ಅವನು. "ನಿಧಾನಕ್ಕೆ ತಿರುಗಿಸು."